ಮೋಟಾರು ಮುರಿಯೋದು ನೀರಿನ್ಯಾಗಲ್ಲ, ದಾರಿಯೊಳಗ

ಫೈನಲ್ ಇಯರ್ ಪ್ರಾಜೆಕ್ಟ್ ಅಂದ ಕೂಡ್ಲೇ ನಮ್ಮಲ್ಲಿ ಯಾರಾದ್ರೂ ಒಬ್ರು ದೋಣಿ ಮಾಡೋಣ ಅಂತಾರ. ಕೆರೆಯ ಕಳೆ ತೆಗೆಯುವ ದೋಣಿ, ಸೋಲಾರ್ ದೋಣಿ, ನೀರಿನ ಸ್ಯಾಂಪಲ್ ತರುವ ದೋಣಿ. ಐಡಿಯಾ ಚೊಲೋನೇ ಅದ. ನಗರದ ನಡುವೆಯೇ ಅಪ್ಪನ ಕೆರೆ ಇದೆ, ಕಮಲಾಪುರದ ಕಡೆ ಹೋದ್ರೆ ಬೆಳಕೋಟಾದಲ್ಲಿ ಗಂಡೋರಿ ನಾಲಾ ಜಲಾಶಯ ಇದೆ. ಕೆಲಸಕ್ಕೆ ನೀರಿನ ಕೊರತೆ ಇಲ್ಲ. ಆದ್ರೆ ಇಂಥ ಪ್ರಾಜೆಕ್ಟಿನ ರಿಪೋರ್ಟ್ ತೆಗೆದು ನೋಡ್ರಿ. ಥ್ರಸ್ಟ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರ್ತದ, ತೇಲುವ ಸಾಮರ್ಥ್ಯ ಎಷ್ಟು, ಎಲ್ಲಾ ಲೆಕ್ಕ ಇರ್ತದ. ದೋಣಿ ಕಾಲೇಜಿನ ಗೇಟಿನಿಂದ ನೀರಿನ ದಂಡೆಯವರೆಗೆ ಹೇಗೆ ಹೋಗ್ತದ ಅನ್ನೋದರ ಬಗ್ಗೆ ಒಂದು ಪುಟ ಕೂಡ ಇರೋದಿಲ್ಲ. ಆ ಪುಟ ಕಡ್ಡಾಯ ಆಗಬೇಕು, ಅದಕ್ಕೆ ಅಂಕವೂ ಇರಬೇಕು ಅನ್ನೋದು ನಮ್ಮ ವಾದ.

ಇಂಥ ದೋಣಿಗಳಿಗೆ ಒಪ್ಪುವ ಮೋಟಾರು ಅಂದ್ರೆ ಟ್ರೋಲಿಂಗ್ ಮೋಟಾರ್. ಉದ್ದನೆಯ ಶಾಫ್ಟು, ಕೆಳತುದಿಯಲ್ಲಿ ನೀರೊಳಗೆ ಮುಳುಗುವ ಸಣ್ಣ ವಿದ್ಯುತ್ ಮೋಟಾರು ಮತ್ತು ಪ್ರೊಪೆಲ್ಲರ್, ಮೇಲ್ತುದಿಯಲ್ಲಿ ಕಂಟ್ರೋಲ್ ಇರುವ ತಲೆ. ಸದ್ದಿಲ್ಲದೆ ಮೀನು ಹಿಡಿಯೋರಿಗಾಗಿ ಹುಟ್ಟಿದ ಯಂತ್ರ ಇದು. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋ ಊರಿನಲ್ಲಿ 1934ರಲ್ಲಿ ಶುರುವಾದ ಮಿನ್ ಕೋಟಾ ಈ ಬಗೆಯ ಮೋಟಾರಿನ ಹಳೇ ಹೆಸರು. ಮಿನೆಸೋಟಾ, ಡಕೋಟಾ ಎರಡೂ ರಾಜ್ಯದ ಹೆಸರು ಕೂಡಿಸಿ ಇಟ್ಟಿದ್ದು. 12 ವೋಲ್ಟಿನ ಮೋಟಾರು ಸುಮಾರು 55 ಪೌಂಡ್ ಥ್ರಸ್ಟ್ ಕೊಡ್ತದ, ಅಂದ್ರೆ 25 ಕೆ.ಜಿ. ತೂಕದಷ್ಟು ಎಳೆತ. ನಮ್ಮ ಕೆರೆಯ ಕೆಲಸಕ್ಕೆ ಅಷ್ಟು ಬೇಕಾದಷ್ಟಾಯ್ತು.

ಇದನ್ನು ಹಿಂದೆ ಕೂಡಿಸಬಹುದು, ಮುಂದೆಯೂ ಕೂಡಿಸಬಹುದು. ಮುಂದೆ ಕೂಡಿಸಿದ್ರೆ ದೋಣಿಯನ್ನು ತಳ್ಳೋ ಬದಲು ಎಳೀತದ. ಬಂಡಿಯ ಮುಂದೆ ಎತ್ತು ಕಟ್ಟಿದ ಹಾಗೆ, ಮೂತಿ ಎತ್ತ ತಿರುಗ್ತದೋ ದೋಣಿ ಅತ್ತ ಬರ್ತದ. ಕಳೆಯ ನಡುವೆ ನಿಧಾನಕ್ಕೆ ಸಾಗಬೇಕಾದ ದೋಣಿಗೆ ಇದೇ ಅನುಕೂಲ. ಆದ್ರೆ ದೋಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕುಣಿಯುವ ಜಾಗ ಯಾವುದು? ಅದೇ ಮೂತಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಬುರಗಿಯಿಂದ ಕಮಲಾಪುರ ಹುಮನಾಬಾದ್ ಹೆದ್ದಾರಿಯ ಮೇಲೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ, ಅಲ್ಲಿಂದ ದಂಡೆಯ ಕಚ್ಚಾ ದಾರಿಗೆ ಇಳಿದ ಮೇಲೆ ಏನೇನು ಸಿಗ್ತದ ನಿಮಗೇ ಗೊತ್ತು. ದೋಣಿ ಹೋಗೋದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ, ಇಲ್ಲಾ ಬಾಡಿಗೆ ಟಾಟಾ ಏಸ್‌ನಲ್ಲಿ. ಮೋಟಾರು ಬ್ರಾಕೆಟ್ ಸಮೇತ 20 ಕೆ.ಜಿ. ಅಂತ ಹಿಡೀರಿ. ಅದರ ತೂಕದ ಕೇಂದ್ರ ಬ್ರಾಕೆಟಿನಿಂದ 40 ಸೆಂಟಿಮೀಟರ್ ಆಚೆಗೆ ಚಾಚಿದೆ. ಒಂದು ಗುಂಡಿಗೆ ಚಕ್ರ ಬಿದ್ದು ಎದ್ದಾಗ ಗುರುತ್ವದ ಮೂರು ಪಟ್ಟು ಹೊಡೆತ ಬಿತ್ತು ಅಂತಿಟ್ಕೊಳ್ರಿ. ಆಗ 20 ಕೆ.ಜಿ.ಯ ವಸ್ತು 60 ಕೆ.ಜಿ. ಆಗಿ ವರ್ತಿಸ್ತದ, ಅಂದ್ರೆ ಸುಮಾರು 590 ನ್ಯೂಟನ್. ಅದನ್ನು 0.4 ಮೀಟರಿಗೆ ಗುಣಿಸಿದ್ರೆ 235 ನ್ಯೂಟನ್-ಮೀಟರ್. ಬೋಲ್ಟಿನ ಎರಡು ಸಾಲುಗಳ ನಡುವೆ 10 ಸೆಂಟಿಮೀಟರ್ ಅಂತರ ಇದ್ರೆ ಹಿಂದಿನ ಸಾಲನ್ನು ಮೇಲಕ್ಕೆ ಕೀಳುವ ಬಲ 2350 ನ್ಯೂಟನ್. ಎರಡು ಬೋಲ್ಟಿದ್ರೆ ತಲಾ 120 ಕೆ.ಜಿ. ತೂಕದ ಎಳೆತ.

ಇದನ್ನು ಕೇಳಿ ಯಾರೋ ಅಂತಾರ, 8 ಮಿಲಿಮೀಟರ್ ಬೋಲ್ಟ್ ಅದಕ್ಕೆ ಹತ್ತು ಪಟ್ಟು ತಡೀತದ ಬಿಡು ಅಂತ. ತಡೀತದ, ಖರೆ. ತಡೆಯದೇ ಇರೋದು ಅದರ ಕೆಳಗಿನ ಪ್ಲೈವುಡ್ ಅಥವಾ ಫೈಬರ್ ಹಾಳೆ. ಬೋಲ್ಟು ಹಾಗೇ ಇರ್ತದ, ವಾಷರು ಹಲಗೆಯೊಳಗೆ ಹೂತು ಹೋಗ್ತದ, ತೂತು ಅಗಲ ಆಗ್ತದ, ನೀರು ಅಲ್ಲಿಂದಲೇ ಒಳಗೆ ಬರ್ತದ. ಹಲಗೆಯ ಕೆಳಗೆ ಅಂಗೈ ಅಗಲದ ಒಂದು ಅಲ್ಯೂಮಿನಿಯಂ ಪಟ್ಟಿ ಕೊಟ್ರೆ ಈ ರೋಗ ಅರ್ಧ ವಾಸಿ. ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದ ಚೂರೇ ಸಾಕು.

ಇನ್ನರ್ಧ ರೋಗ ಅಲುಗಾಟದ್ದು. ಶಾಫ್ಟು ಸೆಕೆಂಡಿಗೆ ಐದು ಸಲ ತಲೆ ಅಲ್ಲಾಡಿಸಿದ್ರೆ ಒಂದು ಗಂಟೆಯಲ್ಲಿ 18 ಸಾವಿರ ಸಲ ಆಯ್ತು. ಒಂದು ಹೊಡೆತಕ್ಕೆ ಮುರಿಯದ ವೆಲ್ಡಿಂಗು ಈ ಎಣಿಕೆಗೆ ಬಿರುಕು ಬಿಡ್ತದ. ನಟ್ಟುಗಳ ಕಥೆಯೂ ಅದೇ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ತೋರಿಸಿಕೊಟ್ಟಿದ್ದಾರೆ: ಬೋಲ್ಟಿನ ಉದ್ದಕ್ಕೆ ಎಳೆಯೋದಕ್ಕಿಂತ ಅದನ್ನು ಅಡ್ಡಡ್ಡ ಅಲುಗಿಸಿದಾಗ ನಟ್ಟು ತಾನಾಗಿಯೇ ಬೇಗ ಬಿಚ್ಚಿಕೊಳ್ತದ. ಆದರೂ ಇವತ್ತಿಗೂ ಲ್ಯಾಬಿನಲ್ಲಿ ಕೈಗೆ ಸಿಗೋದು ಸ್ಪ್ರಿಂಗ್ ವಾಷರು. ಅಡ್ಡ ಅಲುಗಾಟದ ಎದುರು ಅದು ಹೆಸರಿಗಷ್ಟೇ. ನೈಲಾನ್ ಬಳೆ ಇರುವ ನಟ್ಟು ಹಾಕ್ರಿ, ಸರಿಯಾದ ಟಾರ್ಕಿಗೆ ಬಿಗೀರಿ, ಆಮೇಲೆ ನಟ್ಟಿನಿಂದ ಹಲಗೆಯವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೀರಿ. ಗೆರೆ ತುಂಡಾಗಿ ಕಂಡ್ರೆ ನಟ್ಟು ತಿರುಗಿದೆ ಅಂತ ಲೆಕ್ಕ. ಇಷ್ಟು ಅಗ್ಗದ ಸೆನ್ಸರ್ ಇನ್ನೊಂದಿಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ಫಸ್ಟ್ ಇಯರಿನಲ್ಲಿ ಕ್ಯಾಂಟಿಲಿವರ್ ಬೀಮ್ ಓದಿದ್ದೀವಲ್ಲ, ಮಡಚಿ ಮಲಗಿಸಿದ ಟ್ರೋಲಿಂಗ್ ಮೋಟಾರು ಅಂದ್ರೆ ಅದೇ. ತುದಿಗೆ ಒಂದು ಆಸರೆ ಕೊಟ್ಟ ಕೂಡ್ಲೇ ಬುಡದ ಮೇಲಿನ ಹೊರೆ ಇಳೀತದ. ಹಳೇ ಟ್ಯೂಬಿನ ತುಂಡು ಸುತ್ತಿದ ಒಂದು ಕಟ್ಟಿಗೆಯ ತೊಟ್ಟಿಲು ಮಾಡಿ ಮೋಟಾರಿನ ಭಾರದ ತುದಿಯನ್ನು ಅದರ ಮೇಲೆ ಕೂಡಿಸಬೇಕು. ಮೇಲಿಂದ ಅಗಲ ಪಟ್ಟಿಯ ಬೆಲ್ಟ್ ಹಾಕಿ ದೋಣಿಯ ಒಡಲಿಗೇ ಕಟ್ಟಬೇಕು. ಬೆಲ್ಟನ್ನು ಬ್ರಾಕೆಟಿಗೇ ಕಟ್ಟಿದ್ರೆ ಏನುಪಯೋಗ? ಎರಡೂ ಕೂಡಿಯೇ ಕುಣೀತಾವ. ಶಾಫ್ಟು ಬಾಗುವಷ್ಟು ಬಿಗಿಯೋದೂ ಬ್ಯಾಡ. ಬ್ಯಾಟರಿಯ ವೈರು ಬಿಚ್ಚಿಡಬೇಕು, ಇಲ್ಲಾಂದ್ರೆ ದಾರಿಯಲ್ಲಿ ಸ್ವಿಚ್ಚು ಒತ್ತಿ ಹೋಗಿ ಪ್ರೊಪೆಲ್ಲರ್ ತಿರುಗಿದ್ರೆ ಪಕ್ಕದಲ್ಲಿ ಕೂತವರ ಕೈ ಹೋಗ್ತದ. ಕಮಲಾಪುರದ ಕೆಂಪು ಬಾಳೆ ನಾಜೂಕು ಹಣ್ಣು, ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು. ಬಾಳೆಗೊನೆ ಗಾಡಿಗೆ ಏರಿಸೋರು ಕೆಳಗೆ ಎಲೆ ಹಾಸದೆ ಏರಿಸೋದಿಲ್ಲ. ಬಾಳೆಗೆ ಇರುವ ಮರ್ಯಾದೆ ಮೋಟಾರಿಗೂ ಇರಲಿ.

ಇಷ್ಟೆಲ್ಲಾ ಯಾಕ, ಬಿಚ್ಚಿ ಕ್ಯಾಬಿನ್ನಿನಲ್ಲಿ ಇಟ್ಕೊಂಡ್ರೆ ಮುಗೀತಲ್ಲ ಅನ್ನೋರಿದ್ದಾರೆ. ಅವರ ಮಾತು ಸರಿ, ಆದ್ರೆ ಬಿಚ್ಚಲಿಕ್ಕೆ ಬರುವಂಗ ಮಾಡಿದ್ರೆ ತಾನೇ? ಬ್ರಾಕೆಟಿಗೇ ವೆಲ್ಡ್ ಮಾಡಿ, ವೈರನ್ನು ಹಲಗೆಯೊಳಗೆ ಹೂತಿಟ್ಟ ಮೇಲೆ ದಂಡೆಯ ಮೇಲೆ ನಿಂತು ಸ್ಪ್ಯಾನರ್ ಹುಡುಕಬೇಕಾಗ್ತದ. ಎರಡು ಪಿನ್ ಎಳೆದ್ರೆ ಕಳಚುವ ತಟ್ಟೆ, ನಡುವೆ ಒಂದು ಪ್ಲಗ್ಗು, ಇದನ್ನು ಮೊದಲ ದಿನದ ಡ್ರಾಯಿಂಗಿನಲ್ಲೇ ಹಾಕಬೇಕು. ನಮ್ಮ ಹರಿಗೋಲು ನೋಡ್ರಿ. ಅಂಬಿಗ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೀತಾನ. ಹೊತ್ತು ಒಯ್ಯೋದು ಹೇಗೆ ಅನ್ನೋದು ಆ ದೋಣಿಯ ವಿನ್ಯಾಸದೊಳಗೇ ಇದೆ.

ನೀರಿಗೆ ಇಳಿದ ಮೇಲೂ ಮೂತಿಯ ಕಷ್ಟ ತಪ್ಪೋದಿಲ್ಲ. ಅಪ್ಪನ ಕೆರೆಯಲ್ಲಿ ಅಲೆ ಕಡಿಮೆ. ಜಲಾಶಯ ಹಾಗಲ್ಲ, ಮೇ ತಿಂಗಳ ಮಧ್ಯಾಹ್ನ ಮಳೆಗಾಳಿ ಎದ್ರೆ ಬಯಲಾದ ನೀರಿನ ಮೇಲೆ ಹತ್ತು ನಿಮಿಷದಲ್ಲಿ ಅಲೆ ಏಳ್ತದ. ಮೂತಿ ಎದ್ದಾಗ ಪ್ರೊಪೆಲ್ಲರ್ ಹೊರಗೆ ಬಂದು ಗಾಳಿಯಲ್ಲಿ ಗರಗರ ತಿರುಗ್ತದ, ಬಿದ್ದಾಗ ಒಮ್ಮೆಲೇ ನೀರಿನ ಹೊರೆ ಬೀಳ್ತದ. ಶಾಫ್ಟಿಗೂ ಕಂಟ್ರೋಲರಿಗೂ ಎರಡೂ ಕೆಟ್ಟದ್ದು. ಸಣ್ಣ ಅಲೆಗೆ ಮೋಟಾರನ್ನು ಇನ್ನಷ್ಟು ಆಳಕ್ಕೆ ಇಳಿಸಿದ್ರೆ ನಡೀತದ. ಅಲೆ ಜೋರಾದ್ರೆ ಅದನ್ನು ಎತ್ತಿ ಮಲಗಿಸಿ, ಬೆಲ್ಟ್ ಕಟ್ಟಿ, ಹುಟ್ಟು ಹಾಕಿ ದಂಡೆಗೆ ಬರಬೇಕು. ಅದಕ್ಕಾಗಿ ದೋಣಿಯಲ್ಲಿ ಹುಟ್ಟು ಇರಲೇಬೇಕು, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಬೇಕು.

ಕೆರೆಯ ಪ್ರಾಜೆಕ್ಟಿಗೆ ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು ಅಂದ್ರೆ, ನಮ್ಮ ಜಿಲ್ಲೆಯಲ್ಲಿ ದೋಣಿ ಅನ್ನೋದು ಬರೀ ಪ್ರಾಜೆಕ್ಟ್ ಅಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ. ಸಮುದ್ರ ಇಲ್ಲದ ಈ ಊರಿಗೆ ಅಂಥ ಹೊತ್ತಿನಲ್ಲಿ ದೋಣಿ ಬರೋದು ರಸ್ತೆಯ ಮೇಲೆಯೇ. ರಕ್ಷಣಾ ತಂಡಗಳ ರಬ್ಬರ್ ದೋಣಿಯ ಗಾಳಿ ತೆಗೆದು ಮಡಚಿ ಒಯ್ತಾರೆ, ಔಟ್‌ಬೋರ್ಡ್ ಎಂಜಿನ್ ಬೇರೆಯೇ ಇರ್ತದ, ನೀರಿನ ಅಂಚಿಗೆ ಬಂದ ಮೇಲೆ ಜೋಡಿಸ್ತಾರೆ. ನಾವು ಕಲಿಯಬೇಕಾದ ಪಾಠ ಅಲ್ಲಿದೆ. ಒಂದು ಮಾತು ಸ್ಪಷ್ಟ ಇರಲಿ: ಟ್ರೋಲಿಂಗ್ ಮೋಟಾರು ಪ್ರವಾಹಕ್ಕೆ ಅಲ್ಲವೇ ಅಲ್ಲ. ಆ ಸೆಳವಿನ ಎದುರು 25 ಕೆ.ಜಿ. ಎಳೆತ ಏನೂ ಅಲ್ಲ. ತೇಲಿ ಬರುವ ತೊಗರಿ ಕಟ್ಟಿಗೆ, ಬೇಲಿ ತಂತಿ ಪ್ರೊಪೆಲ್ಲರಿಗೆ ಸುತ್ತಿಕೊಂಡ್ರೆ ಅಲ್ಲೇ ಮುಗೀತು. ಆದ್ರೆ ನಾಳೆ ನಮ್ಮಲ್ಲೇ ಕೆಲವರು ಅಗ್ನಿಶಾಮಕ ದಳಕ್ಕೋ ನೀರಾವರಿ ಇಲಾಖೆಗೋ ಸೇರೋರು. ರಾತ್ರಿ ಎರಡಕ್ಕೆ ಗುಂಡಿ ರಸ್ತೆಯ ಮೇಲೆ ಒಯ್ದ ಎಂಜಿನ್ ಬೆಳಗ್ಗೆ ಆರಕ್ಕೆ ಚಾಲೂ ಆಗಲೇಬೇಕು ಅನ್ನೋ ಅಭ್ಯಾಸ ಕಾಲೇಜಿನಲ್ಲೇ ಹತ್ತಬೇಕು.

ಹಂಗಾದ್ರೆ ಟೆಸ್ಟ್ ಹೇಗೆ? ದುಬಾರಿ ವೈಬ್ರೇಶನ್ ಟೇಬಲ್ ಬೇಕಿಲ್ಲ. ಕಮಲಾಪುರದ ರಸ್ತೆಯೇ ನಮ್ಮ ಟೇಬಲ್. ಮೋಟಾರನ್ನು ಮೂತಿಗೆ ಕೂಡಿಸಿ, ನಟ್ಟುಗಳಿಗೆ ಪೇಂಟ್ ಗೆರೆ ಎಳೆದು, ಮೂತಿಗೊಂದು ಹಳೇ ಮೊಬೈಲ್ ಟೇಪಿನಿಂದ ಅಂಟಿಸ್ರಿ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಆ್ಯಪ್ ಪುಕ್ಕಟೆ ಸಿಗ್ತದ, ಮೊಬೈಲಿನ ಅಕ್ಸೆಲೆರೋಮೀಟರಿನ ಓದನ್ನು ಅದು ಬರೆದಿಟ್ಟುಕೊಳ್ತದ. ಕಮಲಾಪುರಕ್ಕೆ ಹೋಗಿ ಬರ್ರಿ. ನಾವು ಮೇಲೆ ಹಿಡಿದ ಮೂರು ಪಟ್ಟು ಹೆಚ್ಚೋ ಕಡಿಮೆಯೋ ಆಗ ಗ್ರಾಫೇ ಹೇಳ್ತದ. ಒಮ್ಮೆ ತೊಟ್ಟಿಲು ಇಲ್ಲದೆ, ಒಮ್ಮೆ ತೊಟ್ಟಿಲು ಕೊಟ್ಟು, ಎರಡು ಗ್ರಾಫ್ ಅಕ್ಕಪಕ್ಕ ಇಟ್ರೆ ರಿಪೋರ್ಟಿನಲ್ಲಿ ಇಲ್ಲದ ಆ ಪುಟ ತುಂಬ್ತದ. ಗೈಡ್‌ಗಳಿಗೆ ನಮ್ಮ ವಿನಂತಿ ಇಷ್ಟೇ ರೀ ಸರ್: ವೈವಾದಲ್ಲಿ ಥ್ರಸ್ಟ್ ಎಷ್ಟು ಅಂತ ಕೇಳೋ ಮೊದಲು, ಇದನ್ನ ಇಲ್ಲಿಗೆ ಹೆಂಗ ತಂದ್ರಿ ಅಂತ ಕೇಳ್ರಿ.

ಟೆಸ್ಟ್ ಮುಗಿಸಿ ಜಲಾಶಯದ ನೀರಿಗೆ ದೋಣಿ ಇಳಿಸೋದಾದ್ರೆ ಇಲಾಖೆಯ ಅನುಮತಿ ಮೊದಲೇ ಬೇಕು, ಮೀನುಗಾರರ ಬಲೆ ಎಲ್ಲೆಲ್ಲಿ ಹಾಸಿದೆ ಅಂತ ಊರವರನ್ನೂ ಕೇಳಬೇಕು. ಅರ್ಜಿ ಈ ಸೆಮಿಸ್ಟರಿನಲ್ಲೇ ಕೊಡ್ರಿ. ಮುಂದಿನ ಸೆಮಿಸ್ಟರಿಗೆ ಅಂತ ಬಿಟ್ರೆ ಅಷ್ಟೊತ್ತಿಗೆ ಮಳೆಗಾಲ ಬಂದಿರ್ತದ.