ಯಾಕೋಬನ ಬಾವಿಯ ನೀರು

ಕುಡಿಯುವ ನೀರಿನ ಬೆಲೆಯನ್ನು, ಪರ ಊರಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಲ್ಲಿ ಬರುವ ಗಳಿಗೆಯನ್ನು ನೋಡಿಕೊಂಡೇ ಎಷ್ಟೋ ಮನೆಗಳ ದಿನಚರಿ ಸಾಗುತ್ತದೆ. ಹೀಗಿರುವಲ್ಲಿ, ಮಳೆ ಕಡಮೆಯಾದ ಪಾಲೆಸ್ತೀನದಲ್ಲಿ ಹುಟ್ಟಿದ ಕ್ರೈಸ್ತಧರ್ಮವು ದೇವರ ಕೃಪೆಯನ್ನು ನೀರಿಗೆ ಹೋಲಿಸಿದುದು ಆಶ್ಚರ್ಯವಲ್ಲ. ಎಂಥ ನೀರಿಗೆ ಹೋಲಿಸಿತು ಎಂಬುದರಲ್ಲಿ ಸ್ವಾರಸ್ಯವಿದೆ.

ಆ ನಾಡಿನಲ್ಲಿ ನೀರು ಎರಡು ಬಗೆ. ಮಳೆಯ ನೀರನ್ನು ಬಂಡೆಯಲ್ಲಿ ಕೊರೆದ ತೊಟ್ಟಿಗಳಲ್ಲಿ ತುಂಬಿಟ್ಟು ಬೇಸಗೆಯನ್ನು ಕಳೆಯುವುದು ಒಂದು. ತೊಟ್ಟಿ ಬಿರುಕುಬಿಟ್ಟರೆ ಅದೂ ಸೋರಿಹೋಗುವುದು. ಇನ್ನೊಂದು, ನೆಲದಿಂದ ತಾನಾಗಿ ಉಕ್ಕುವ ಬುಗ್ಗೆಯ ನೀರು. ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ಮಯಿಮ್ ಹಯ್ಯಿಮ್', ಎಂದರೆ ಜೀವವುಳ್ಳ ನೀರು, ಎಂದು ಹೆಸರು. ಪ್ರವಾದಿ ಯೆರೆಮೀಯನು ದೇವರನ್ನು ಈ ಬುಗ್ಗೆಗೂ, ಜನರು ದೇವರನ್ನು ಬಿಟ್ಟು ನಂಬಿಕೊಂಡವುಗಳನ್ನು ಒಡಕು ತೊಟ್ಟಿಗಳಿಗೂ ಹೋಲಿಸಿದನು.

ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಈ ಜೀವಜಲದ ಮಾತು ಒಂದು ಬಾವಿಯ ಬಳಿ ಮತ್ತೆ ಬರುತ್ತದೆ. ನಡುಹಗಲು, ದಾರಿ ನಡೆದು ದಣಿದ ಯೇಸು ಯಾಕೋಬನ ಬಾವಿಯ ಹತ್ತಿರ ಕುಳಿತಿದ್ದಾನೆ. ಆ ಬಾವಿಯೆಂದು ಪರಂಪರೆ ತೋರಿಸುವ ಸ್ಥಳ ಇಂದಿನ ನಾಬ್ಲುಸ್ ನಗರದಲ್ಲಿ ಒಂದು ಗ್ರೀಕ್ ಇಗರ್ಜಿಯೊಳಗೆ ಈಗಲೂ ಇದೆ. ಅದರ ಆಳ 100 ಅಡಿಗೂ ಮಿಕ್ಕಿದುದು. ಹಗ್ಗ-ಕೊಡವಿಲ್ಲದವನಿಗೆ ಅದು ಇದ್ದೂ ಇಲ್ಲದಂತೆಯೇ. ನೀರಿಗೆಂದು ಬಂದ ಸಮಾರ್ಯದ ಹೆಂಗಸೊಬ್ಬಳನ್ನು ಯೇಸು ನೀರು ಬೇಡುತ್ತಾನೆ.

ಆಕೆ ಬೆರಗಾಗುತ್ತಾಳೆ. ಯೆಹೂದ್ಯರಿಗೂ ಸಮಾರ್ಯರಿಗೂ ಬಳಕೆಯಿರಲಿಲ್ಲ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಬಳಸುತ್ತಿರಲಿಲ್ಲವೆಂದು ಆ ವಾಕ್ಯಕ್ಕೆ ಅರ್ಥ ಹೇಳುವ ಪಂಡಿತರೂ ಉಂಟು. ಹಾಗಿದ್ದೂ ಯೇಸು ಬೇಡುತ್ತಾನೆ. ಬೇಡಿದವನೇ ತಾನು ಜೀವಜಲವನ್ನು ಕೊಡಬಲ್ಲೆನೆಂದೂ ಹೇಳುತ್ತಾನೆ. ಆಕೆಗೆ ಐವರು ಗಂಡಂದಿರಾಗಿದ್ದರು, ಈಗ ಜೊತೆಯಲ್ಲಿರುವವನು ಗಂಡನಲ್ಲ ಎಂಬ ಸಂಗತಿ ಬರುವುದು ಆಮೇಲೆ.

ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನನಗೆ ಎದ್ದು ಕಂಡುದು ಈ ಅನುಕ್ರಮವೇ. ನಮ್ಮಲ್ಲಿ ಮೊದಲು ಅರ್ಜಿ, ಆಮೇಲೆ ವಿಚಾರಣೆ, ಯೋಗ್ಯತೆ ಕಂಡರೆ ಮಂಜೂರಾತಿ. ಬಾವಿಯ ಬಳಿ ಕೊಡುಗೆಯ ಮಾತು ಮೊದಲು, ಬಾಳಿನ ಲೆಕ್ಕ ಆಮೇಲೆ. ಆ ಲೆಕ್ಕವನ್ನು ಯೇಸು ಮುಚ್ಚಿಡಲಿಲ್ಲ. ಲೆಕ್ಕ ನೆಟ್ಟಗಿಲ್ಲವೆಂದು ಕೊಡುಗೆಯನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಅದು ಸಂಪಾದನೆಯಲ್ಲ, ದಾನ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯೂ ಮುಗಿಯುವ ಮುನ್ನ ಬಾಯಾರಿದವರನ್ನೆಲ್ಲ ಕಾಸು ಕೊಡಬೇಕಿಲ್ಲದ ಜೀವಜಲಕ್ಕೆ ಕರೆಯುತ್ತದೆ.

ಆದಿ ಕ್ರೈಸ್ತರ 'ದಿದಖೆ' ಎಂಬ ಪುಟ್ಟ ಗ್ರಂಥದಲ್ಲಿ ದೀಕ್ಷಾಸ್ನಾನದ ವಿಧಿಯಿದೆ. ಹರಿಯುವ ನೀರು ಮೇಲು; ಅದಿಲ್ಲದಿದ್ದರೆ ಬೇರೆ ನೀರು; ಅದೂ ಸಾಲದೆಹೋದರೆ ತಲೆಯ ಮೇಲೆ ಮೂರು ಸಲ ಸುರಿದರೂ ಆದೀತು. ನೀರಿಗೆ ಬರ ಬಂದರೂ ಕೃಪೆಗೆ ಬರವಿಲ್ಲವೆಂದು ಅವರು ತಿಳಿದಿದ್ದರು.

ಹೆಂಗಸು ತನ್ನ ಕೊಡವನ್ನು ಅಲ್ಲಿಯೇ ಬಿಟ್ಟು, ಊರವರನ್ನು ಕರೆಯಲು ಹೋದಳು. ಯೇಸು ಆ ನೀರನ್ನು ಕುಡಿದನೋ ಇಲ್ಲವೋ, ಸುವಾರ್ತೆ ಹೇಳುವುದಿಲ್ಲ. ಕುಡಿದಿದ್ದರೆ ಆಕೆಯ ಕೊಡದಿಂದಲೇ ಕುಡಿದಿರಬೇಕು.

ನಮ್ಮ ಮತ ಯಾವುದೇ ಇರಲಿ, ಕೆಲಸದಾಕೆಗೆಂದು ಬೇರೆ ಲೋಟವನ್ನು ಎತ್ತಿಟ್ಟಿರುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಬಾವಿಯ ಈ ಕಥೆಯನ್ನು ಓದಿದ ಮೇಲೆ ಆ ಲೋಟದ ಕಡೆಗೊಮ್ಮೆ ನೋಡುವುದು ಒಳ್ಳೆಯದು.