ಮೈಸೂರಿನ ಹಿತ್ತಿಲಿಗೆ ಯಾರ ವಸಂತ?

ಫೆಬ್ರುವರಿ ಕಾಲಿರಿಸುತ್ತಲೇ ಮೈಸೂರಿನ ನರ್ಸರಿಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ಬಣ್ಣದ ಚಿತ್ರಗಳುಳ್ಳ ಬೀಜದ ಪೊಟ್ಟಣ, ಚೀಲದಲ್ಲಿ ತುಂಬಿದ ಕೆಮ್ಮಣ್ಣು, ಚಾಪೆಯಂತೆ ಸುತ್ತಿಟ್ಟ ಹುಲ್ಲುಹಾಸು ಎಲ್ಲವೂ ಭರದಿಂದ ಮಾರಾಟವಾಗುತ್ತವೆ. ವಸಂತಕ್ಕೆ ಕೈತೋಟ ಸಿದ್ಧವಾಗಬೇಕೆಂಬ ಈ ಆತುರ ಎಲ್ಲಿಂದ ಬಂತು? ಹಿಮ ಕರಗಿದೊಡನೆ ಬಿತ್ತಲೇಬೇಕಾದ ನಾಡುಗಳ ತೋಟಗಾರಿಕೆ ಪುಸ್ತಕಗಳಿಂದ ಬಂದುದು ಇದು. ಅಲ್ಲಿ ವಸಂತವೆಂದರೆ ನೆಲ ಬಿಸಿಯೇರಿ ಹಗಲು ಹಿಗ್ಗುವ ಕಾಲ. ಮೈಸೂರಿನಲ್ಲಾದರೋ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ವರ್ಷದಲ್ಲೇ ಅತ್ಯಂತ ಒಣಕಾಲ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಪಡೆಯುವ ಈ ನಗರಕ್ಕೆ ಅದರ ದೊಡ್ಡ ಪಾಲು ಎರಡು ಕಂತುಗಳಲ್ಲಿ ಬರುತ್ತದೆ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಮಲೆನಾಡಿನಿಂದ ಹೋಗಿ ಅಲ್ಲಿ ಮನೆ ಕಟ್ಟಿದವರು ಊರಿನ ಲೆಕ್ಕವನ್ನೇ ನಂಬಿ ಜುಲೈ ಮಳೆಗೆ ಕಾದು ನಿರಾಶರಾಗುವುದೂ ಉಂಟು.

ನೀರಿನ ಲೆಕ್ಕವನ್ನು ಯಾರಾದರೂ ಮಾಡಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಒಂದು ಲೀಟರ್. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ ಹುಲ್ಲುಹಾಸು ದಿನಕ್ಕೆ 4ರಿಂದ 5 ಮಿ.ಮೀ. ನೀರನ್ನು ಗಾಳಿಗೆ ಬಿಡುತ್ತದೆ. ಐವತ್ತು ಚದರ ಮೀಟರ್‌ನ ಹುಲ್ಲು ಹಸಿರಾಗಿರಬೇಕಾದರೆ ದಿನವೊಂದಕ್ಕೆ 200ರಿಂದ 250 ಲೀಟರ್ ಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಯೋಜನೆಗಳು ಬಳಸುವ ಮಾನದಂಡ. ಅಂದರೆ ಯಾರೂ ತಿನ್ನದ, ದನಕ್ಕೂ ಹಾಕದ ಹುಲ್ಲೊಂದು ಒಂದೂವರೆ ಆಳಿಗಿಂತ ಹೆಚ್ಚಿನ ಪಾಲನ್ನು ಕುಡಿಯುತ್ತದೆ! ಆ ನೀರು ಬರುವುದೆಲ್ಲಿಂದ? ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಲ್ಲಿ ಕಾವೇರಿಯಿಂದ, ಜೊತೆಗೆ ಕಬಿನಿಯಿಂದ. ಒಂದು ಕೊಡಗಿನ ಬೆಟ್ಟದ ನೀರು, ಇನ್ನೊಂದು ವಯನಾಡಿನದು. ಘಟ್ಟದವರ ಪಾಲಿಗೆ ಇದು ದೂರದ ಪಟ್ಟಣದ ಹರಟೆಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡಿದ ನಾಡು ಹುಲ್ಲುಹಾಸಿನ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ.

ಮೈಸೂರು ಉದ್ಯಾನಗಳ ನಗರ, ಅದು ಅರಸರ ಕಾಲದ ಪರಂಪರೆ ಎಂಬ ಸಮರ್ಥನೆ ಒಡನೆಯೇ ಬರುತ್ತದೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯಶಾಸ್ತ್ರಜ್ಞ ಕೃಂಬಿಗಲ್ ಸಂಸ್ಥಾನದ ಉದ್ಯಾನಗಳಿಗೆ ಕೊಟ್ಟ ರೂಪವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೃಂದಾವನ ಇರುವುದು ಕನ್ನಂಬಾಡಿ ಕಟ್ಟೆಯ ಬುಡದಲ್ಲಿ. ಅದರ ಅನುಕರಣೆ 30×40 ನಿವೇಶನದ ನಲ್ಲಿಯ ಬುಡದಲ್ಲಿ ನಡೆಯತಕ್ಕದ್ದೇ? ಅದೇ ಮೈಸೂರಿನ ಅಗ್ರಹಾರಗಳಲ್ಲಿ, ಹಳೆಯ ಮೊಹಲ್ಲಾಗಳಲ್ಲಿ ಮನೆಯ ಹಿಂದೊಂದು ಹಿತ್ತಿಲಿತ್ತು. ಬಚ್ಚಲ ನೀರಿಗೆ ಬಾಳೆ, ಬಾವಿಕಟ್ಟೆಯ ಬಳಿ ಕರಿಬೇವು, ಬೇಲಿಯ ಮೇಲೆ ತೊಂಡೆ. ಅದು ಪರಂಪರೆಯ ಲೆಕ್ಕಕ್ಕೆ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಂದು ಹಿತ್ತಲಿಗೇ ಅನ್ವಯಿಸುತ್ತಿದೆ.

ಕೈತೋಟವು ಕೊಂಡು ತಂದು ಹಾಸುವ ವಸ್ತುವಲ್ಲ, ಮಾಗಬೇಕಾದ ಜೀವಸಮುದಾಯ. ಆದ್ದರಿಂದ ಮೊದಲ ವರ್ಷದ ಮುಖ್ಯ ಕೆಲಸ ನೋಡುವುದು. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಮರಳಿ ದಕ್ಷಿಣಕ್ಕೆ ಬರುವುದು ಆಗಸ್ಟ್ ಮೂರನೆಯ ವಾರದಲ್ಲಿ. ಡಿಸೆಂಬರ್‌ನಲ್ಲಿ ಮನೆಯ ನೆರಳಿನಲ್ಲಿ ತಣ್ಣಗಿದ್ದ ಉತ್ತರದ ಪಾತಿ ಜೂನ್‌ನಲ್ಲಿ ಬಿಸಿಲು ಕಾಯುತ್ತಿರುತ್ತದೆ. ತರಕಾರಿಗೆ ದಕ್ಷಿಣ ದಿಕ್ಕೇ ಶ್ರೇಷ್ಠವೆಂಬ ಪರದೇಶದ ಸಲಹೆಯನ್ನು ಅಕ್ಷರಶಃ ಪಾಲಿಸಿದವರು ಈ ಬಿಸಿಲನ್ನು ವ್ಯರ್ಥಗೊಳಿಸುತ್ತಾರೆ. ಒಂದು ಸುತ್ತು ಋತುಗಳನ್ನು ನೋಡದೆ ಮರ ನೆಟ್ಟವರಿಗೆ ಅದರ ನೆರಳು ಎಲ್ಲಿ ಬೀಳುವುದೆಂದು ತಿಳಿಯುವುದು ಕಡಲೆಕಾಯಿ ಗಾತ್ರದ ಬದನೆ ಬಿಟ್ಟಾಗ.

ಮಾಗುವಿಕೆಯೆಂದರೆ ಏನೆಂಬುದೂ ತಪ್ಪಾಗಿ ಗ್ರಹಿಸಲ್ಪಟ್ಟಿದೆ. ಮೊದಲೆರಡು ವರ್ಷ ಬಯಲು ಬಿಸಿಲಿನಲ್ಲಿ ಬೆಂಡೆ, ಬದನೆ, ಮೆಣಸು ಸಮೃದ್ಧವಾಗಿ ಬರುತ್ತವೆ. ನುಗ್ಗೆ, ಪರಂಗಿ, ಬಾಳೆ ಎತ್ತರಿಸಿದಂತೆ ಅವು ಹಿಂಜರಿಯುತ್ತವೆ. ತೋಟ ಕೆಟ್ಟಿತೆಂದು ಮನೆಯವರು ಕೊಡಲಿ ಹುಡುಕುವುದು ಆಗಲೇ. ವಾಸ್ತವದಲ್ಲಿ ಅದು ಅರಿಸಿನ, ಶುಂಠಿ, ಕೆಸು, ವೀಳ್ಯದೆಲೆಗಳಿಗೆ ಜಾಗ ತೆರವಾದ ಗಳಿಗೆ. ಒಂದು ಬೆಳೆ ತನ್ನ ನೆರಳನ್ನು ಇನ್ನೊಂದಕ್ಕೆ ಬಿಟ್ಟುಕೊಡುವುದನ್ನು ಅಡಿಕೆ ತೋಟದ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತರಗೆಲೆಯ ವಿಷಯ. 2015 ಮತ್ತು 2016ರ ಸ್ವಚ್ಛತಾ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ನಗರವಿದು. ಕುಂಬಾರಕೊಪ್ಪಲಿನ ಕಸ ಸಂಸ್ಕರಣ ಘಟಕ ಹಲವು ಊರುಗಳಿಗೆ ಮಾದರಿಯೆನಿಸಿತು. ಆ ಸ್ವಚ್ಛತೆಯ ಅರ್ಥ ಅಂಗಳಕ್ಕೆ ಬಂದಾಗ ಮಾತ್ರ ವಿಕಾರಗೊಳ್ಳುತ್ತದೆ. ಶಿಶಿರದಲ್ಲಿ ಉದುರಿದ ಹೊಂಗೆಯ ಎಲೆಯನ್ನು ಗುಡಿಸಿ ಚೀಲ ತುಂಬಿ ಬೀದಿಗಿಡುವುದು, ಬಳಿಕ ಹಣ ತೆತ್ತು ಗೊಬ್ಬರ ತರುವುದು! ನಾಲ್ಕು ಬೆರಳು ದಪ್ಪದ ಎಲೆಯ ಹೊದಿಕೆ ಮಾರ್ಚ್ ಬಿಸಿಲಿನಲ್ಲಿ ನೆಲದ ತೇವವನ್ನು ಹಿಡಿದಿಡುತ್ತದೆ, ಮೇ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ, ದೀಪಾವಳಿಯ ಹೊತ್ತಿಗೆ ತಾನೇ ಮಣ್ಣಾಗತೊಡಗುತ್ತದೆ. ಚೀಲದ ಕೆಮ್ಮಣ್ಣಾದರೂ ಎಲ್ಲಿಂದ ಬಂದೀತು? ಯಾವುದೋ ಗುಡ್ಡದ ಮೈಯಿಂದಲೇ.

ಹಾಗಾದರೆ ವಸಂತದಲ್ಲಿ ಮಾಡುವುದೇನು? ಪಾತ್ರೆ ತೊಳೆದ, ಅಕ್ಕಿ ತೊಳೆದ ನೀರಿಗೆ ಸಾಕಾಗುವಷ್ಟು ಮಾತ್ರ ಹೀರೆ, ಸೋರೆ, ದಂಟು. ಉಳಿದ ಪಾತಿಗಳಿಗೆ ಹೊದಿಕೆ. ಯುಗಾದಿಯ ನಂತರ ಮೊಳಕೆಗೆ ಬೀಜ. ಭರಣಿ, ಕೃತ್ತಿಕೆ ಮಳೆಗಳಿಗೆ, ಎಂದರೆ ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ, ನಾಟಿ. ಅಷ್ಟರಲ್ಲಿ ಚಾವಣಿಯ ನೀರಿಗೆ ತೊಟ್ಟಿಯೋ ಇಂಗುಗುಂಡಿಯೋ ಸಿದ್ಧವಾಗಿರಬೇಕು. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 80,000 ಲೀಟರ್.

ಬೀಜ ಯಾವುದು ಎಂಬುದು ಅತಿ ಮುಖ್ಯ. ಪೊಟ್ಟಣದ ಹೈಬ್ರಿಡ್ ಬೀಜದಿಂದ ಎತ್ತಿಟ್ಟ ಬೀಜ ತಾಯಿಯಂತೆ ಬರುವುದಿಲ್ಲ. ಮುಂದಿನ ವಸಂತಕ್ಕೆ ಮತ್ತೆ ಅಂಗಡಿಗೇ ನಡೆಯಬೇಕು. ಈರನಗೆರೆ ಎಂಬ ತನ್ನದೇ ಬಡಾವಣೆಯ ಹೆಸರಿನಲ್ಲಿ ಬದನೆಯೊಂದನ್ನು ಪಡೆದ ಊರು ಮೈಸೂರು. ಅದರ ಮಲ್ಲಿಗೆ, ವೀಳ್ಯದೆಲೆ ಹಾಗೂ ನೆರೆಯ ನಂಜನಗೂಡಿನ ರಸಬಾಳೆ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವು. ಪ್ರಮಾಣಪತ್ರ ಬಂತು, ನಂಜನಗೂಡು ರಸ್ತೆಯ ಎಲೆತೋಟಗಳು ನಿವೇಶನಗಳಾದವು. ರಸಬಾಳೆಯ ವಿಚಾರದಲ್ಲಿ ಎಚ್ಚರವೂ ಬೇಕು: ಪನಾಮಾ ಸೊರಗುರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದು. ಮೂಲ ತಿಳಿಯದ ಕಂದನ್ನು ತಂದು ನೆಟ್ಟರೆ ಹಿತ್ತಿಲಿಗೇ ರೋಗ ಅಂಟುತ್ತದೆ.

ಬದನೆಗೆ ಅಂಥ ತೊಡಕಿಲ್ಲ. ಚೆನ್ನಾದ ಗಿಡವೊಂದರಲ್ಲಿ ಎರಡು ಕಾಯಿಗಳನ್ನು ಕೀಳದೆ ಹಳದಿಯಾಗುವ ತನಕ ಬಿಟ್ಟು, ಬೀಜವನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿಟ್ಟರೆ ಬೀದಿಯ ಹತ್ತು ಮನೆಗಳಿಗೆ ಸಾಕು.