ಕಸಿ ನಿಂತಿದೆಯೇ ಎಂದು ಕೇಳುವ ಅಭ್ಯಾಸ

ಹಳೆಯ ಕನ್ನಡ ಮಾಸಪತ್ರಿಕೆಗಳ ಸಂಚಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಉಳಿಸಿಕೊಳ್ಳುವ ಕಾರ್ಯವೊಂದು ಒಂದು ಊರಿನ ಗ್ರಂಥಭಂಡಾರದಲ್ಲಿ ನಡೆದಿದ್ದಾಗ ನಾನೂ ಅದರಲ್ಲಿ ಕೆಲವು ತಿಂಗಳು ಕೈಜೋಡಿಸಿದ್ದೆನು. ಮುಟ್ಟಿದರೆ ಅಂಚು ಉದುರುವಂತಹ ಆ ಕಾಗದವನ್ನು ತಿರುವುವುದು ಎಷ್ಟು ನಾಜೂಕಿನ ಕೆಲಸವೆಂದರೆ, ಒಂದು ಪುಟವನ್ನು ಒಂದೇ ಬಾರಿ ತೆರೆಯತಕ್ಕದ್ದು ಎಂಬುದು ನಮ್ಮೊಳಗಿನ ಕಟ್ಟಳೆಯೇ ಆಗಿದ್ದಿತು. ಹಗಲು ತೆಗೆದ ಚಿತ್ರಗಳೆಲ್ಲ ರಾತ್ರಿ ತಾವಾಗಿಯೇ ಹೊರಗಿನ ಡಿಸ್ಕೊಂದಕ್ಕೆ ಸಾಗಿ, ಸ್ಕ್ಯಾನರಿನ ಫೋಲ್ಡರು ಮರುದಿನದ ಕೆಲಸಕ್ಕೆ ಬರಿದಾಗುವ ಏರ್ಪಾಡು. ಒಮ್ಮೆ ಆ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ನೋಡಿದರೆ, ಹಿಂದಿನ ಮೂರು ವಾರಗಳ ದುಡಿಮೆಯ ಸುಳಿವೇ ಅದರಲ್ಲಿ ಇರಲಿಲ್ಲ. ಎಲ್ಲವೂ ಹೋಯಿತೆಂದೇ ನಿಶ್ಚಯಿಸಿ, ಕಟ್ಟಳೆಯನ್ನು ಮುರಿದು, ಅವೇ ಸಂಚಿಕೆಗಳನ್ನು ಎರಡನೆಯ ಸಲ ತೆರೆದೆವು. ಎರಡನೆಯ ಸಲಕ್ಕೆ ತಾಳದ ಪುಟಗಳು ಮಡಿಕೆಯಲ್ಲಿ ಮುರಿದವು; ಆ ಚೂರುಗಳನ್ನು ಆರಿಸಿ ಒಂದು ಲಕೋಟೆಯಲ್ಲಿ ಇಟ್ಟೆವು.

ಚಿತ್ರಗಳು ಹೋಗಿರಲಿಲ್ಲ. ನಡುವೆ ಒಂದು ದಿನ ವಿದ್ಯುತ್ ಹೋಗಿ ಯಂತ್ರ ಮರಳಿ ಎದ್ದಾಗ ಡಿಸ್ಕಿನ ತಂತಿ ಸಡಿಲವಾಗಿದ್ದು, ಡಿಸ್ಕು ಸೇರಿಕೊಳ್ಳದೆಯೇ ಯಂತ್ರ ತನ್ನ ಪಾಡಿಗೆ ತಾನು ಕೆಲಸ ಆರಂಭಿಸಿತ್ತು. ಡಿಸ್ಕು ಸಿಕ್ಕದಿದ್ದರೂ ನಿಲ್ಲಬೇಡವೆಂದು, ‘ನೋಫೇಲ್’ ಎಂಬ ಪದದಿಂದ, ಅದಕ್ಕೆ ಮೊದಲೇ ಅಪ್ಪಣೆ ಕೊಟ್ಟಿದ್ದವರು ನಾವೇ. ರಾತ್ರಿಯ ನಕಲು ‘ಭಂಡಾರ’ ಎಂಬ ಹೆಸರಿನ ಫೋಲ್ಡರನ್ನು ಹುಡುಕಿತು. ಫೋಲ್ಡರು ಇದ್ದಿತು, ಡಿಸ್ಕು ಮಾತ್ರ ಇರಲಿಲ್ಲ. ಚಿತ್ರಗಳೆಲ್ಲ ಯಂತ್ರದ ಒಳಡಿಸ್ಕಿನಲ್ಲಿಯೇ ಬಿದ್ದವು. ಮುಂದೆ ಯಾರೋ ತಂತಿಯನ್ನು ಬಿಗಿಮಾಡಿ ಡಿಸ್ಕನ್ನು ಅದೇ ಫೋಲ್ಡರಿನ ಮೇಲೆ ಕೂರಿಸಿದಾಗ, ಮೊದಲು ಅಲ್ಲಿ ಬಿದ್ದಿದ್ದುದೆಲ್ಲ ಅದರ ಅಡಿಯಲ್ಲಿ ಮರೆಯಾಯಿತು. ಒಳಡಿಸ್ಕು ತುಂಬುತ್ತಾ ಬಂದಿದೆಯೆಂದು ‘ಡಿಎಫ್’ ಕಮಾಂಡು ಹೇಳುತ್ತಿದ್ದರೂ ತುಂಬಿಸಿದ ಫೈಲುಗಳು ಎಲ್ಲಿಯೂ ಕಾಣದಿದ್ದ ಆ ಸೋಜಿಗವೇ ಕಡೆಗೆ ನಮ್ಮ ಕಣ್ಣು ತೆರೆಸಿತು: ಡಿಸ್ಕನ್ನು ಬಿಡಿಸಿ ನೋಡಿದರೆ ಮೂರು ವಾರಗಳ ಚಿತ್ರಗಳೂ ಇಟ್ಟಲ್ಲಿಯೇ ಇದ್ದವು.

ವಿಂಡೋಸಿನಲ್ಲಿ ಡಿಸ್ಕಿಗೊಂದು ಅಕ್ಷರ ಹತ್ತುವುದನ್ನು ಕಂಡು ರೂಢಿಯಾದವರಿಗೆ ಇದು ವಿಚಿತ್ರವೆನಿಸೀತು. ಯೂನಿಕ್ಸಿನಲ್ಲಿಯೂ ಅದರ ಹಾದಿ ಹಿಡಿದ ಲಿನಕ್ಸಿನಲ್ಲಿಯೂ ಮರ ಒಂದೇ. ಅದರ ಬೇರಿನ ಹೆಸರು ಬರಿಯ ಒಂದು ಓರೆಗೆರೆ. ಯಾವ ಡಿಸ್ಕು ಬಂದರೂ ಆ ಮರದ ಯಾವುದೋ ಒಂದು ಕೊಂಬೆಗೆ ಸೇರಿಕೊಳ್ಳಬೇಕು. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ 1969ರಲ್ಲಿ ಆರಂಭವಾದ ಯೂನಿಕ್ಸಿನ ಮೊಟ್ಟಮೊದಲ ಕೈಪಿಡಿ 1971ರ ನವೆಂಬರಿನದು. ಹೀಗೆ ಸೇರಿಸುವ ‘ಮೌಂಟ್’ ಕಮಾಂಡು ಅದರಲ್ಲಿಯೇ ಇದೆ. ಯೂನಿಕ್ಸಿನ ಕರ್ತೃಗಳಾದ ಡೆನ್ನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ ಇವರು 1974ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಕ್ರಿಯೆಯನ್ನು ವರ್ಣಿಸುವಾಗ, ಮರದ ಒಂದು ಎಲೆಯ ಸ್ಥಾನದಲ್ಲಿ ಇಡಿಯ ಒಂದು ಉಪವೃಕ್ಷವನ್ನೇ ತಂದಿರಿಸುವ ಚಿತ್ರವನ್ನು ಬಳಸಿರುವರು. ನಮ್ಮ ತೋಟಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ; ಇದು ಕಸಿ. ನಾನು ಇಲ್ಲಿ ಅದೇ ಮಾತನ್ನು ಬಳಸುತ್ತೇನೆ, ಏಕೆಂದರೆ ಕಸಿ ಕಟ್ಟಿದವನು ಮರುದಿನ ಹೋಗಿ ಅದು ನಿಂತಿದೆಯೇ ಎಂದು ನೋಡದೆ ಇರುವುದಿಲ್ಲ.

ನೋಡುವುದಾದರೂ ಎಲ್ಲಿ ಎಂಬುದು ಮುಖ್ಯವಾದ ಪ್ರಶ್ನೆ. ಯಾವ ಡಿಸ್ಕು ಎಲ್ಲಿ ಸೇರಬೇಕೆಂದು ನಾವು ಬರೆದಿಡುವ ‘ಎಫ್‌ಎಸ್‌ಟ್ಯಾಬ್’ ಎಂಬ ಪಟ್ಟಿ ನಮ್ಮ ಸಂಕಲ್ಪ ಮಾತ್ರ; ಅದರಲ್ಲಿ ಬರೆದುದೆಲ್ಲ ನಡೆದಿದೆಯೆಂದು ಅರ್ಥವಲ್ಲ. ‘ಎಂಟ್ಯಾಬ್’ ಎಂಬ ಇನ್ನೊಂದು ಪಟ್ಟಿಯನ್ನು ಮೌಂಟ್ ಕಮಾಂಡು ಹಿಂದೆ ತಾನೇ ಬರೆದಿಡುತ್ತಿದ್ದಿತು. ಡಿಸ್ಕು ಓದಲಷ್ಟೇ ಬರುವ ಸ್ಥಿತಿಯಲ್ಲಿದ್ದರೆ ಅದನ್ನು ತಿದ್ದಲಾಗದೆ, ಲೆಕ್ಕ ಒಂದು, ವಸ್ತುಸ್ಥಿತಿ ಮತ್ತೊಂದು ಆಗುವ ಸಂಭವವಿದ್ದಿತು. ಇಂದು ಅನೇಕ ಲಿನಕ್ಸುಗಳಲ್ಲಿ ಆ ಹೆಸರು ‘ಪ್ರೋಕ್’ ಎಂಬ ಕೊಂಬೆಯತ್ತ ಕೈತೋರಿಸುವ ಕೊಂಡಿಯಷ್ಟೇ ಆಗಿದೆ. ಆ ಕೊಂಬೆಯಾದರೋ ಯಾವ ಡಿಸ್ಕಿನ ಮೇಲೂ ಇಲ್ಲದೆ, ನಾವು ಓದಿದ ಕ್ಷಣದಲ್ಲಿ ವ್ಯವಸ್ಥೆಯ ಒಡಲಾದ ಕರ್ನೆಲ್ಲು ತಾನೇ ಕೊಡುವ ಉತ್ತರ.

ಆ ಉತ್ತರವನ್ನು ಓದಿ ಹೇಳುವುದು ‘ಫೈಂಡ್‌ಮೌಂಟ್’ ಎಂಬ ಕಮಾಂಡು. ಲಿನಕ್ಸಿನ ‘ಯುಟಿಲ್-ಲಿನಕ್ಸ್’ ಎಂಬ ಉಪಕರಣಗಳ ಕಟ್ಟಿನಲ್ಲಿ ಬರುವುದರಿಂದ ಪ್ರಾಯಶಃ ಬೇರೆ ಏನನ್ನೂ ತರಿಸಬೇಕಾಗಿಲ್ಲ. ಬರಿದೇ ಮೌಂಟ್ ಎಂದು ಒತ್ತಿದರೆ ಕರ್ನೆಲ್ಲಿನ ಒಳವ್ಯವಹಾರಕ್ಕೆ ಸೇರಿದ ಹತ್ತಾರು ಸಾಲುಗಳ ನಡುವೆ ನಮ್ಮ ಡಿಸ್ಕು ಕಳೆದುಹೋಗುತ್ತದೆ. ಫೈಂಡ್‌ಮೌಂಟ್ ಅದನ್ನೇ ಕೊಂಬೆ ರೆಂಬೆಗಳಾಗಿ ಬಿಡಿಸಿ, ಎಲ್ಲಿ ಸೇರಿದೆ, ಯಾವ ಸಾಧನ, ಯಾವ ಬಗೆ, ಯಾವ ನಿಬಂಧನೆ ಎಂಬ ನಾಲ್ಕು ಅಂಕಣಗಳಲ್ಲಿ ತೋರಿಸುತ್ತದೆ. ಹುಡುಕುವ ಬಗೆಗಳೂ ಬಹಳ. ನನಗೆ ಅತ್ಯಂತ ಬೆಲೆಯುಳ್ಳದ್ದು ಒಂದೇ. ‘ಟಾರ್ಗೆಟ್’ ಎಂಬ ಆಯ್ಕೆಯೊಡನೆ ಯಾವುದೇ ಫೈಲಿನ ದಾರಿಯನ್ನು ಕೊಟ್ಟರೆ ಅದು ವಸ್ತುತಃ ಯಾವ ಡಿಸ್ಕಿನ ಮೇಲೆ ಕುಳಿತಿದೆಯೆಂದು ಹೇಳುತ್ತದೆ. ಆ ಮೂರು ವಾರಗಳಲ್ಲಿ ಯಾವ ಬೆಳಗ್ಗೆಯಾದರೂ ಭಂಡಾರದ ಹೆಸರು ಹಿಡಿದು ಹೀಗೆ ಕೇಳಿದ್ದರೆ, ಮೊದಲ ಅಂಕಣದಲ್ಲಿ ಭಂಡಾರಕ್ಕೆ ಬದಲಾಗಿ ಆ ಒಂಟಿ ಓರೆಗೆರೆ ಕಾಣುತ್ತಿತ್ತು. ಅಷ್ಟರಿಂದಲೇ ತಿಳಿಯುತ್ತಿತ್ತು.

ಜನಸಾಮಾನ್ಯರಿಗೆ ಟರ್ಮಿನಲ್ ಏಕೆ, ಕಿಟಕಿ ತೆರೆದು ಫೋಲ್ಡರು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಾವೂ ಕಿಟಕಿಯನ್ನೇ ನೋಡಿದ್ದೆವು. ಡಿಸ್ಕು ಸೇರಿದ್ದಾಗ ಹೇಗೋ ಸೇರದಿದ್ದಾಗಲೂ ಹಾಗೆಯೇ, ಭಂಡಾರವೆಂಬ ಫೋಲ್ಡರಿನ ಚಿತ್ರ ಅಲ್ಲಿ ನಿಶ್ಚಿಂತವಾಗಿ ಕುಳಿತಿದ್ದಿತು. ದಿನದಿನವೂ ಹೊಸ ಫೈಲುಗಳು ಬಂದು ಸೇರುವುದೂ ಕಾಣುತ್ತಿದ್ದಿತು. ಕೃತಿಗಳನ್ನೂ ದಾಖಲೆಗಳನ್ನೂ ಡಿಜಿಟಲ್ ರೂಪಕ್ಕೆ ತರುವವರಿಗೆ ತರಬೇತಿ ಕೊಡುವಾಗ ಬೆಳಕು ಹೇಗಿರಬೇಕು, ಚಿತ್ರದ ಸಾಂದ್ರತೆ ಎಷ್ಟಿರಬೇಕು, ಫೈಲಿಗೆ ಯಾವ ಹೆಸರಿಡಬೇಕು ಎಂಬುದನ್ನು ಹೇಳಿಕೊಡುವಷ್ಟೇ ಆಸ್ಥೆಯಿಂದ ಈ ಒಂದು ಕಮಾಂಡನ್ನೂ ಹೇಳಿಕೊಡಬೇಕೆಂಬುದು ನನ್ನ ಆಗ್ರಹ. ಕಲಿಯಲು ಅರ್ಧ ಗಂಟೆ ಸಾಕು. ಕಂಪ್ಯೂಟರ್ ಪಂಡಿತರನ್ನು ಕರೆಸಬೇಕಾಗಿಲ್ಲ. ಓದುಬರಹ ಬಲ್ಲ ಗ್ರಂಥಪಾಲಕರೇ ಸಾಕು.

ಆ ಗ್ರಂಥಭಂಡಾರದಲ್ಲಿ ಈಗ ರಾತ್ರಿಯ ನಕಲಿನ ಮೊದಲ ಸಾಲು ಫೈಂಡ್‌ಮೌಂಟಿನದು. ‘ಮೌಂಟ್‌ಪಾಯಿಂಟ್’ ಎಂಬ ಆಯ್ಕೆಯೊಡನೆ ಭಂಡಾರದ ಹೆಸರನ್ನು ಅದಕ್ಕೆ ಕೊಟ್ಟಿದ್ದೇವೆ. ಡಿಸ್ಕು ಕಸಿಯಾಗಿ ನಿಂತಿದ್ದರೆ ಅದು ಒಂದು ಸಾಲು ಉತ್ತರ ಕೊಡುತ್ತದೆ, ನಕಲು ಮುಂದುವರಿಯುತ್ತದೆ. ನಿಂತಿಲ್ಲದಿದ್ದರೆ ಏನನ್ನೂ ಹೇಳದೆ ಸೋಲಿನ ಸಂಕೇತವನ್ನಷ್ಟೇ ಹಿಂದಿರುಗಿಸುತ್ತದೆ, ಆಗ ನಕಲು ಅಲ್ಲಿಯೇ ನಿಂತು, ಹಗಲಿನ ಚಿತ್ರಗಳು ಸ್ಕ್ಯಾನರಿನ ಫೋಲ್ಡರಿನಲ್ಲಿ ಬೆಳಗ್ಗೆ ಬಂದವರಿಗಾಗಿ ಕಾಯುತ್ತವೆ.